ಬೈಯದೆ ಹೋದ ಆಯಿಗೆ

ಕಾತ್ರಜ, ಪುಣೆ
ಭಾನುವಾರ ಮಧ್ಯಾಹ್ನ

ಬೈದು ಬೈದು ನನ್ನನ್ನು ದೊಡ್ಡವಳನ್ನಾಗಿ ಮಾಡಿದ ಆಯಿಗೆ, ನಿನ್ನ ಮೊಮ್ಮಗಳು ತ್ರಿವೇಣಿಯ ನಮಸ್ಕಾರ.

ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ. ನಾನು ಇಲ್ಲಿ ಕಿರುಚಿದರೆ ನೀನು ಅಲ್ಲಿ "ಹೂಂ, ಊಟಾ ಆತು" ಅನ್ನುತ್ತೀ. ನಾನು ಕೇಳಿದ್ದು ಒಂದು, ನಿನ್ನ ಉತ್ತರ ಇನ್ನೊಂದು. ಅದಕ್ಕೇ ಕಾಗದ. ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ, ಕನ್ನಡಕ ಹಾಕಿಕೊಂಡು ನೀನೇ ಓದು. ಈರಬಸಪ್ಪ ಮಾಮಾನ ಕೈಗೆ ಕೊಡಬೇಡ. ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಕೂತು ಕೂತು, ಅವನು ಏನು ಓದಿದರೂ ನೋಟಿಸು ಓದಿದ ಹಾಗೆ ಓದುತ್ತಾನೆ. ನೋಟಿಸು ಕೇಳಿ ಕೇಳಿ ಈಗ ನನಗೆ ಸಾಕಾಗಿದೆ.

ನೀನು ಬಾರಾಮತಿಗೆ, ಮಾಮಾನ ಮನೆಗೆ ಹೋಗುವುದೇನೂ ಹೊಸದಲ್ಲ. ಪ್ರತಿ ಸಲ ಹೊರಡುವಾಗ ಬಾಗಿಲಲ್ಲಿ ನಿಂತು, "ನಿನ್ನ ಹೆಣಾ ಎತ್ತಲಿ, ಹೊತ್ತಿಗೆ ಸರಿಯಾಗಿ ಉಣ್ಣು, ಒಣಗಿದ ಕಟಗಿ ಆಗೀದಿ" ಎಂದು ಬೈದು, ಆಮೇಲೆ ಚಪ್ಪಲಿ ಮೆಟ್ಟುತ್ತಿದ್ದೆ. ಈ ಸಲ ನನ್ನ ತಲೆಯ ಮೇಲೆ ಕೈಯಿಟ್ಟು, "ಚಲೋ ಆಗ್ಲಿ ನನ್ನ ಬಂಗಾರಾ, ದೇವ್ರು ಸುಖದಾಗ ಇಡ್ಲಿ" ಅಂದೆ. ಹುಟ್ಟಿದಾಗಿನಿಂದ ನೀನು ನನ್ನನ್ನು ಬಂಗಾರ ಅಂದವಳೇ ಅಲ್ಲ. ಬದುಕುವುದಿಲ್ಲ ಎಂದು ಡಾಕ್ಟರು ಹೇಳಿದವರ ಹತ್ತಿರ ಜನ ಮಾತಾಡುವ ಹಾಗೆ ಮಾತಾಡಿದೆ. ನೀನು ಹೋದ ಮೇಲೆ ಅವ್ವ ಹೇಳಿದಳು, "ನನ್ನ ಬಾಯಿಂದ ಕೂಸಿನ ನೌಕ್ರಿಗೆ ಕುತ್ತ ಬಂತು, ಇನ್ನ ಆ ಮಾತು ಆಡಂಗಿಲ್ಲ" ಎಂದೆಯಂತೆ. ಆ ಮಾತು ಕೇಳಿದ ಮೇಲೆ ನನಗೆ ಕಂಪನಿಗಿಂತ ನಿನ್ನದೇ ಹೆದರಿಕೆ ಹೆಚ್ಚಾಯಿತು.

ಅವ್ವ ನಿನ್ನ ಕಿವಿಯಲ್ಲಿ ಕೂಗಿ ಹೇಳಿದ್ದು ಅರ್ಧ, ನಿನಗೆ ಕೇಳಿಸಿದ್ದು ಅದರಲ್ಲಿ ಅರ್ಧ. ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ.

ನಮ್ಮ ಆಫೀಸಿನಲ್ಲಿ ಕನ್ನಡದವರು ಒಂದಿಷ್ಟು ಮಂದಿ ಇದ್ದೇವೆ. ಮಾಂತು ನಿನಗೆ ಗೊತ್ತು. ಸಂಕ್ರಾಂತಿಗೆ ಬಂದು ನಿನ್ನ ಶೇಂಗಾ ಹೋಳಿಗೆ ತಿಂದು, "ಆಯಿ, ನನ್ನ ದತ್ತಕ ತಗೋರಿ" ಅಂದವನು. ಪ್ರಜ್ವಲನೂ ಗೊತ್ತು, ಇಲ್ಲೇ ಕ್ಯಾಂಪ್ ಪೇಟೆಯಲ್ಲಿ ಹೋಟೆಲು ಇಟ್ಟಿರುವ ಉಡುಪಿ ಕಡೆಯ ಸದಾನಂದ ಅವರ ಮಗ. ನಾವೆಲ್ಲ ಸೇರಿ ಆಫೀಸಿನ ಚಾಟಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೆವು. ಹೆಸರು "ಕಟ್ಟಿ". ಊರಲ್ಲಿ ಗಿಡದ ಕೆಳಗಿನ ಕಟ್ಟೆಯ ಮೇಲೆ ಕೂತು ಹೋಗಿ ಬರುವವರನ್ನೆಲ್ಲ ಆಡಿಕೊಳ್ಳುತ್ತಾರಲ್ಲ, ಅದೇ ಕೆಲಸ. ನಾವು ಆಡಿಕೊಳ್ಳುತ್ತಿದ್ದುದು ಸುದ್ದಿಯನ್ನು.

ಮುಂಜಾನೆ ಯಾರಾದರೂ ಒಂದು ಸುದ್ದಿ ತಂದು ಹಾಕುವರು. ಹೊರದೇಶದ ಯಾವುದೋ ಕಂಪನಿಯ ಯಜಮಾನ, ಇನ್ನು ಆರು ತಿಂಗಳಲ್ಲಿ ಪ್ರೋಗ್ರಾಂ ಬರೆಯಲು ಮನುಷ್ಯರೇ ಬೇಡ, ಎಲ್ಲ ಯಂತ್ರವೇ ಬರೆಯುತ್ತದೆ ಎಂದಿದ್ದಾನೆ, ಅಂತ. ಅದಕ್ಕೆ ಮಾಂತು, "ಹೋದ ವರ್ಷಾನೂ ಆರೇ ತಿಂಗಳಂದಿದ್ದ. ನಮ್ಮ ಶಂಕ್ರೆಪ್ಪ ಕಾಕಾನ ಲಗ್ನಾನೂ ಹಿಂಗ, ಬರೂ ಆರು ತಿಂಗಳದಾಗ ಅಂತ ಹೇಳಿಕೋತ ಬಂದ್ರು, ಈಗ ಅಂವಗ ಐವತ್ತು" ಎಂದು ಬರೆಯುವನು. ಎಲ್ಲೋ ಒಂದು ಕಡೆ ಆ ಯಂತ್ರವೇ ಕಂಪನಿಯ ಲೆಕ್ಕವನ್ನೆಲ್ಲ ಅಳಿಸಿ ಹಾಕಿ, ಆಮೇಲೆ ತಪ್ಪಾಯಿತು ಎಂದಿತಂತೆ. "ನಾವ್ ಅಳಿಸಿದ್ರ ಮನೀಗೆ ಕಳಸ್ತಾರ, ಅದು ಅಳಿಸಿದ್ರ ಹೊಸಾ ವರ್ಷನ್ ತರ್ತಾರ" ಎಂದ. ಕೆಲಸದಿಂದ ತೆಗೆಯುವುದಕ್ಕೆ ಕಂಪನಿಗಳು ಚೆಂದಚೆಂದದ ಇಂಗ್ಲಿಷ್ ಹೆಸರು ಇಟ್ಟಿವೆ, ಕೇಳಿದರೆ ಏನೋ ಸನ್ಮಾನ ಮಾಡುತ್ತಿದ್ದಾರೆ ಅನ್ನಿಸಬೇಕು. ಮಾಂತು ಅದಕ್ಕೆಲ್ಲ ಒಂದೇ ಕನ್ನಡ ಮಾಡಿದ: ಪಂಕ್ತಿಯಿಂದ ಎಬ್ಬಿಸೋದು. ಎಲೆಯ ಮುಂದೆ ಕೂತು, ಅನ್ನಕ್ಕೆ ಕೈ ಹಾಕುವ ಹೊತ್ತಿಗೆ, "ಏಳ್ರಿ, ನಿಮ್ಮ ಹೆಸರಿಲ್ಲ" ಎನ್ನುವುದು. ಆಮೇಲೆ ದಿನಾ ಅದೇ ಮಾತು. "ಇವತ್ತ ಎಷ್ಟ್ ಮಂದೀನ್ನ ಎಬ್ಬಿಸ್ಯಾರ?" "ನಮ್ಮ ಎಲಿಗೆ ಉಪ್ಪಾದ್ರೂ ಬಡಿಸ್ಯಾರಿಲ್ಲೋ ನೋಡಪಾ."

ನಕ್ಕು ನಕ್ಕು ಕಣ್ಣಲ್ಲಿ ನೀರು ಬರುತ್ತಿತ್ತು. ನಗು ಮುಗಿದ ಮೇಲೆ ತಿಂಗಳ ಖರ್ಚಿನ ಲೆಕ್ಕ ಹಾಕುತ್ತ ಕೂರುತ್ತಿದ್ದೆ. ಅಪ್ಪನ ಅಂಗಡಿ ಮುಚ್ಚಿದ ಮೇಲೆ ನಮ್ಮ ಮನೆ ನಡೆಯುವುದು ನನ್ನ ಪಗಾರದಲ್ಲಿ ಎಂದು ನಿನಗೆ ಗೊತ್ತು. ಮಾಂತುವಿನ ಕಥೆಯೂ ಅಷ್ಟೇ. ಅವನು ಹೊರಗೆ ನಗುತ್ತಾನೆ, ಲಿಫ್ಟಿನಲ್ಲಿ ಒಬ್ಬನೇ ಇದ್ದಾಗ ಉಗುರು ಕಚ್ಚುತ್ತಾನೆ.

ಈಗ ಆ ಯಂತ್ರದ ವಿಷಯ. ಕಂಪನಿ ಈ ವರ್ಷ ಒಂದನ್ನು ತಂದು ನಮ್ಮ ನಡುವೆ ಕೂರಿಸಿತು. ಅದು ಪ್ರೋಗ್ರಾಂ ಬರೆಯುತ್ತದೆ, ನಾವು ಬರೆದದ್ದನ್ನು ತಿದ್ದುತ್ತದೆ, ಎಲ್ಲ ಗುಂಪಿನ ಚಾಟೂ ಓದಿ ಸಾಹೇಬರಿಗೆ ಸಾರಾಂಶ ಕೊಡುತ್ತದೆ. ಕಂಪನಿ ಇಟ್ಟ ಹೆಸರು ಬೇರೆ, ನಾವು ಕರೆದದ್ದು "ಅಳಿಯಾ" ಎಂದು. ಮನೆಗೆ ಬಂದ ಹೊಸ ಅಳಿಯನನ್ನು ನೋಡಿದ್ದೀಯಲ್ಲ. ಮೊದಲ ಹೋಳಿಗೆ ಅವನಿಗೆ, ಮೇಲೆ ತುಪ್ಪ ಅವನಿಗೆ. ಅವನು ಲೋಟ ಒಡೆದರೆ ಲೋಟದ್ದೇ ತಪ್ಪು. ನಮ್ಮ ಅಳಿಯನೂ ಹಾಗೆಯೇ. ಕೆಡಿಸಿದ್ದು ಅದು, ಶನಿವಾರ ಬಂದು ಸರಿ ಮಾಡಿದ್ದು ನಾವು, ಮೀಟಿಂಗಿನಲ್ಲಿ ಚಪ್ಪಾಳೆ ಅದಕ್ಕೆ.

ಅದು ಕಟ್ಟಿಯನ್ನೂ ಓದುತ್ತದೆ ಎಂದು ನಮಗೆ ಗೊತ್ತಿತ್ತು. ಆದರೆ ನಮ್ಮ ಕಡೆಯ ಕನ್ನಡ ಅದಕ್ಕೆ ಎಲ್ಲಿ ಬರಬೇಕು ಎಂಬ ಧೈರ್ಯ. ಮಾಂತು ಪರೀಕ್ಷೆ ಬೇರೆ ಮಾಡಿದ್ದ. "ಮಿರ್ಚಿ ಮಂಡಾಳ ಅಂದ್ರೇನು?" ಎಂದು ಕೇಳಿದರೆ, ಅದು "ಮೆಣಸಿನಕಾಯಿ ವ್ಯಾಪಾರಿಗಳ ಮಂಡಳಿ" ಎಂದಿತು. ಒಂದು ವಾರ ಮೆಣಸಿನಕಾಯಿ ಬಜ್ಜಿ, ಚುರುಮುರಿ ಕಂಡಾಗಲೆಲ್ಲ ಅದನ್ನೇ ಹೇಳಿಕೊಂಡು ನಕ್ಕೆವು. ಇಷ್ಟು ದಡ್ಡನ ಮುಂದೆ ಏನು ಮಾತಾಡಿದರೂ ನಡೆಯುತ್ತದೆ ಎಂದುಕೊಂಡೆವು. ದಡ್ಡನ ಮುಂದೆ ಮಾತಾಡುವಾಗಲೇ ಹೆದರಬೇಕು ಎಂದು ಆಗ ಹೊಳೆಯಲಿಲ್ಲ.

ನನ್ನ ಮೇಲಿನ ಸಾಹೇಬ ಪ್ರಣವ. ಸಾತಾರಾ ಕಡೆಯವನು, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವನಷ್ಟೆ, ಏಕವಚನದಲ್ಲೇ ಮಾತಾಡಿಕೊಳ್ಳುತ್ತೇವೆ. ಒಂದು ದಿನ ಮೀಟಿಂಗಿನಲ್ಲಿ ಅಳಿಯನ ಗುಣಗಾನ ಓದಿ ಮುಗಿಸಿ, ಪ್ರಣವ ಮರಾಠಿಯಲ್ಲಿ, ನಾಳೆ ನನ್ನನ್ನೂ ತೆಗೆಯುತ್ತಾರೆ, ಆಗ ಕಾತ್ರಜ ಘಾಟಿನಲ್ಲಿ ಮೆಕ್ಕೆತೆನೆ ಸುಟ್ಟು ಮಾರುತ್ತೇನೆ, ತೆನೆಗೆ ಲಿಂಬೆ ಉಜ್ಜಲು ಈ ಯಂತ್ರಕ್ಕೆ ಕೈ ಎಲ್ಲಿವೆ ಎಂದ. ನಗು ತಡೆಯಲು ಆಗಲಿಲ್ಲ. ಮೀಟಿಂಗಿನಲ್ಲಿ ಗಟ್ಟಿಯಾಗಿ ನಗುವಂತಿಲ್ಲ, ಅದಕ್ಕೆ ಕಟ್ಟಿಯಲ್ಲಿ ಬರೆದೆ: "ನಿನ್ನ ಹೆಣಾ ಎತ್ತಲಿ ಪ್ರಣವಾ, ಎಷ್ಟ್ ನಗಸ್ತೀ."

ಆಯಿ, ಅದು ನಿನ್ನ ಮಾತು. ನಾನು ಯೋಚಿಸಿ ಬರೆದದ್ದಲ್ಲ. ಉಸಿರು ಬಿಟ್ಟ ಹಾಗೆ ಬಂತು.

ಅಳಿಯ ಅದನ್ನು ಓದಿತು. ಹೆಣ ಎಂದರೆ ಶವ, ಎತ್ತಲಿ ಎಂದರೆ ಎತ್ತಲಿ. ಕೂಡಿಸಿ, ಈ ಉದ್ಯೋಗಿ ತನ್ನ ಮೇಲಧಿಕಾರಿಯ ಮೃತದೇಹ ಹೊರುವುದನ್ನು ಬಯಸುತ್ತಿದ್ದಾಳೆ ಎಂದು ಕೆಂಪು ಗುರುತು ಹಾಕಿ ಮೇಲೆ ಕಳಿಸಿತು. ಎರಡು ದಿನ ಕಳೆದು ನನಗೆ ಮೇಲ್ ಬಂತು, ಕೊಲೆಯ ಬೆದರಿಕೆ, ವಿಚಾರಣೆಗೆ ಬರಬೇಕು ಎಂದು. ಮೊದಲು ನಗು ಬಂತು. ಇದು ಮಾಂತುವಿನ ಹೊಸ ಚೇಷ್ಟೆ ಎಂದೇ ತಿಳಿದೆ. ಅವನ ಕಡೆ ತಿರುಗಿ ನೋಡಿದರೆ ಅವನ ಮುಖ ಬಿಳಿಚಿಕೊಂಡಿತ್ತು. ಎಬ್ಬಿಸಲು ಹೆಸರು ಹುಡುಕುತ್ತಿರುವ ಕಾಲದಲ್ಲಿ ಇಂಥದ್ದೊಂದು ಸಿಕ್ಕರೆ ಯಾರು ಬಿಡುತ್ತಾರೆ?

ಯಂತ್ರದ ಅನುವಾದ ಸರಿಯಿದೆಯೇ ಎಂದು ನೋಡಲು ಕನ್ನಡ ಬಲ್ಲ ಮನುಷ್ಯನೊಬ್ಬ ಬೇಕಾಗಿ ಎಚ್.ಆರ್.ನವರು ಪ್ರಜ್ವಲನನ್ನು ಕರೆದರು. ಅವನು ಓದಿ, ಹೌದು, ಶಬ್ದ ಸರಿಯಾಗಿವೆ ಎಂದು ಹೇಳಿ ಬಂದ. ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಎರಡು ದಿನ ಬಿಟ್ಟು ಅವನೇ ಹೋಟೆಲಿನಿಂದ ಬನ್ಸ್ ಕಟ್ಟಿಸಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟ. "ನಂಗೆ ಹೆದರಿಕೆ ಆಯ್ತು ಮಾರಾಯ್ತಿ. ಶಬ್ದ ಸರಿ ಉಂಟಾ ಕೇಳಿದ್ರು, ಉಂಟು ಹೇಳಿದೆ. ನಮ್ಮಲ್ಲಿ ಬದುಕಿದ್ದವ್ರಿಗೆ ಹಾಗೆಲ್ಲ ಹೇಳ್ಲಿಕ್ಕೇ ಇಲ್ಲ. ಅಮ್ಮನ ಹತ್ರ ಕೇಳಿದ್ರೆ ಅವರು ದೇವರ ಮುಂದೆ ದೀಪ ಇಟ್ಟು ಬಂದ್ರು" ಎಂದ. ಅವನ ತಾಯಿ ಲೀಲಾಕ್ಷಿ ಅಮ್ಮ ಎಷ್ಟು ಮೆತ್ತಗಿನ ಹೆಂಗಸು ಎಂದು ನನಗೆ ಗೊತ್ತು. ಅವನೂ ಕನ್ನಡದವನು, ನಾನೂ ಕನ್ನಡದವಳು, ಆದರೆ ನಿನ್ನ ಬೈಗುಳ ಘಟ್ಟ ಇಳಿದಿಲ್ಲ. ಏನು ಮಾಡುವುದು, ಬನ್ಸ್ ತಿಂದೆ.

ಆಮೇಲೆ ಕಟ್ಟಿ ಸತ್ತುಹೋಯಿತು. ನಾನು ನನ್ನದೇ ಹಳೆಯ ಮಾತುಗಳನ್ನು ಹುಡುಕಿ ಹುಡುಕಿ ಓದಿದೆ. ಬೆಂಕಿ ಹತ್ತಲಿ, ಸುಡಗಾಡಕ್ಕ ಹೋಗ್ಲಿ, ಮಣ್ಣಾಗ ಇಡ್ಲಿ. ನಮ್ಮ ಕನ್ನಡದಲ್ಲಿ ಅರ್ಧ ಬರೀ ಸುಡುಗಾಡೇ ತುಂಬಿದೆಯಲ್ಲ ಆಯಿ, ನಾನು ಯಾವತ್ತೂ ಗಮನಿಸಿರಲಿಲ್ಲ. ಮಾಂತು ದಿನಾ ಬೆಳಿಗ್ಗೆ "ಶುಭೋದಯ" ಎಂದು ಹೂವಿನ ಚಿತ್ರ ಹಾಕತೊಡಗಿದ. ಆ ವಾರ ಎಲ್ಲೋ ಸಾವಿರಾರು ಜನರನ್ನು ಒಂದೇ ದಿನ ತೆಗೆದ ಸುದ್ದಿ ಬಂತು. ಯಾರೂ ಒಂದು ಅಕ್ಷರ ಬರೆಯಲಿಲ್ಲ. ಎಷ್ಟು ಜನರನ್ನು ಎಬ್ಬಿಸಿದರು ಎಂದು ಯಾರೂ ಕೇಳಲಿಲ್ಲ. ಊಟಕ್ಕೆ ಕೂತಾಗ ಎಲ್ಲರೂ ಡಬ್ಬಿ ನೋಡಿಕೊಂಡು ಉಂಡರು. ಮನೆಗೆ ಬಂದು ಅವ್ವನ ಮುಂದೆ ಅತ್ತದ್ದು ಅವತ್ತೇ. ಅವ್ವ ನಿನಗೆ ಕೂಗಿ ಹೇಳಿದ್ದೂ ಅವತ್ತೇ. ಮಾರನೆಯ ದಿನ ನೀನು ಚೀಲ ತುಂಬಿಕೊಂಡೆ.

ನೀನು ಹೋದ ಮೇಲೆ ಒಂದು ಹಳೆಯ ಮಾತು ನೆನಪಾಯಿತು. ನಾನು ಆಗ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಇರಬೇಕು. ಓಟದಲ್ಲಿ ಗೆದ್ದು ಬಹುಮಾನದ ಕಪ್ಪು ಹಿಡಿದುಕೊಂಡು ಬಂದರೆ ನೀನು "ನಿನ್ನ ಹೆಣಾ ಎತ್ತಲಿ, ಕಾಲಾಗ ಏನ್ ಗಾಲಿ ಅದಾವೇನ" ಅಂದೆ. ನಾನು ಅಳುತ್ತ ಕೂತೆ. ನನ್ನ ಗೆಳತಿಯ ಅಜ್ಜಿ ಅವಳಿಗೆ ಮುತ್ತು ಕೊಟ್ಟಳು, ನೀನು ಯಾಕೆ ಸಾಯಿ ಅನ್ನುತ್ತೀ ಎಂದು ಕೇಳಿದೆ. ಆಗ ನೀನು ನನ್ನನ್ನು ತೊಡೆಯ ಮೇಲೆ ಎಳೆದುಕೊಂಡು ಹೇಳಿದೆ: "ಹುಚ್ಚಿ, ಸಾವು ಓಣ್ಯಾಗ ತಿರಗ್ತಿರತದ. ಯಾರ ಮನ್ಯಾಗ ಬಂಗಾರ, ಮುತ್ತು ಅಂತಾರ, ಅಲ್ಲಿ ಏನೋ ಭಾರಿ ಮಾಲು ಅದ ಅಂತ ಒಳಗ ಹಣಕಿ ಹಾಕತದ. ನಮ್ಮ ಮನಿ ಮುಂದ ಬಂದಾಗ ಹೆಣಾ ಎತ್ತಲಿ ಅನ್ನೂದು ಕೇಳತದ. ಇಲ್ಲಿ ಆಗಲೇ ಎತ್ತಲಿಕ್ಕೆ ಹತ್ಯಾರ, ನನಗೇನ್ ಕೆಲಸ, ಅಂತ ಮುಂದ ಹೋಗತದ." ನೀನು ಹೇಳಿದ್ದು ಕೇಳಿ ಕಣ್ಣೀರು ಒರೆಸಿಕೊಂಡು, ಇನ್ನೊಮ್ಮೆ ಬೈ ಎಂದಿದ್ದೆ.

ಕಟ್ಟಿಯಲ್ಲಿ ನಾವು ಮಾಡುತ್ತಿದ್ದುದೂ ಅದೇ ಎಂದು ನನಗೆ ಈಗ ಅನ್ನಿಸುತ್ತದೆ. ನಮ್ಮನ್ನೂ ಎಬ್ಬಿಸುತ್ತಾರೆ, ನಮ್ಮದೂ ಮುಗಿಯಿತು, ಮೆಕ್ಕೆತೆನೆ ಮಾರೋಣ ನಡೆಯಿರಿ ಎಂದು ನಾವೇ ಕೂಗುತ್ತಿದ್ದೆವು. ಕೇಳಿಸಿಕೊಂಡು ಅದು ಮುಂದೆ ಹೋಗಲಿ ಎಂದು.

ವಿಚಾರಣೆ ಹೋದ ಸೋಮವಾರ ಆಯಿತು. ಒಂದು ಕಡೆ ಎಚ್.ಆರ್. ಮೇಡಂ, ದಿಲ್ಲಿಯವರು. ಗೋಡೆಯ ಪರದೆಯ ಮೇಲೆ ಮುಖ್ಯ ಕಚೇರಿಯವನೊಬ್ಬ. ಮೂಲೆಯಲ್ಲಿ ಪ್ರಣವ, ನನ್ನ ಕಡೆ ನೋಡದೆ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ. ಇಂಗ್ಲಿಷಿನಲ್ಲಿ ಬರೆದ ನನ್ನ ಮಾತು ಪರದೆಯ ಮೇಲೆ ಬಂತು. ಅದು ನನ್ನ ಮಾತು ಎಂದು ನನಗೇ ಗುರುತು ಸಿಗಲಿಲ್ಲ. ಯಾರೋ ಕೊಲೆಗಾರಳ ಮಾತು. ನಾನು ನನ್ನ ಇಂಗ್ಲಿಷಿನಲ್ಲಿ, ಇದು ಪ್ರೀತಿಯಿಂದ ಹೇಳುವ ಮಾತು, ನನ್ನ ಅಜ್ಜಿ ನನಗೆ ದಿನಾ ಹೇಳುತ್ತಾಳೆ ಎಂದೆ. ಮೇಡಂ ಕನ್ನಡಕ ಸರಿಮಾಡಿಕೊಂಡು, ಹಾಗಾದರೆ ನಿಮ್ಮ ಅಜ್ಜಿ ದಿನಾ ನೀವು ಸಾಯಲಿ ಎಂದು ಬಯಸುತ್ತಾರೆಯೇ ಎಂದು ಕೇಳಿದರು. ಕನಿಕರದಿಂದಲೇ ಕೇಳಿದರು. ಓಣಿಯಲ್ಲಿ ತಿರುಗುವ ಸಾವಿನ ಕಥೆಯನ್ನು ಆ ತಣ್ಣನೆಯ ಕೋಣೆಯಲ್ಲಿ ಯಾವ ಬಾಯಿಂದ ಹೇಳಲಿ? ಮುಗಿಯಿತು ನನ್ನ ಕಥೆ, ಸಂಜೆ ಅಪ್ಪನಿಗೆ ಏನು ಹೇಳಲಿ ಎಂದು ಅಲ್ಲೇ ಯೋಚಿಸತೊಡಗಿದೆ.

ಕೊನೆಗೆ ಏನೂ ತೋಚದೆ ಪ್ರಣವನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದೆ, ನಿಮ್ಮ ಕಡೆ ಅಜ್ಜಿಯಂದಿರು ಮಕ್ಕಳನ್ನು ಬೈಯುವುದಿಲ್ಲವೇನೋ, ಎಂದು. ಅವನು ಪೆನ್ನು ಕೆಳಗಿಟ್ಟ. ತನಗೆ ತಾನೇ ಹೇಳಿಕೊಂಡ ಹಾಗೆ, "ತುಝಾ ಮುಡದಾ ಬಶಿವಲಾ" ಅಂದ. ನಿನ್ನ ಹೆಣಾ ಕುಂದರಸ್ಲಿ, ಅಂತ. ಅವನ ಆಜಿ ಶಾಲೆಗೆ ಕಳಿಸುವಾಗ ದಿನಾ ಹೇಳುತ್ತಿದ್ದ ಮಾತಂತೆ. ನಮ್ಮದು ಎತ್ತುತ್ತದೆ, ಅವರದು ಕೂರಿಸುತ್ತದೆ, ಹೆಣ ಮಾತ್ರ ಒಂದೇ. ಅವನು ನಗತೊಡಗಿದ. ನಕ್ಕು ನಕ್ಕು ಕಣ್ಣು ಒರೆಸಿಕೊಂಡ. ಮೇಡಂ ಗಾಬರಿಯಾಗಿ ನೀರು ಕೊಟ್ಟರು. ಆಮೇಲೆ ಅವನೇ ಎದ್ದು ನಿಂತು, ನನಗೆ ಯಾವ ಬೆದರಿಕೆಯೂ ಇಲ್ಲ, ಈ ಮಾತು ಹೇಳುವವರು ಮನೆಯಲ್ಲಿ ಇರುವುದು ಪುಣ್ಯ, ಇದನ್ನು ಇಲ್ಲಿಗೆ ಮುಗಿಸಿ ಎಂದು ಇಂಗ್ಲಿಷಿನಲ್ಲಿ ಹೇಳಿದ. ಮುಗಿಸಿದರು. ನನ್ನ ನೌಕರಿ ಉಳಿಯಿತು ಆಯಿ. ಮೊದಲು ಇದನ್ನೇ ಬರೆಯಬೇಕಿತ್ತು, ನೀನು ಇಲ್ಲಿಯತನಕ ಉಸಿರು ಹಿಡಿದು ಓದಿರುತ್ತೀ. ಆದರೆ ಮುಂದಿನದನ್ನು ಬಿಟ್ಟು ಅಷ್ಟನ್ನೇ ಬರೆಯಲು ಮನಸ್ಸು ಬರಲಿಲ್ಲ.

ಹೊರಗೆ ಬಂದಾಗ ಪ್ರಣವ ನಗುತ್ತ, "ಚಲ, ಆತಾ ಮಲಾ ಪುನ್ಹಾ ಏಕದಾ ಮ್ಹಣ" ಅಂದ. ಇನ್ನೊಮ್ಮೆ ಹೇಳು ನನಗೆ, ಅಂತ. ಆಜಿ ಹೋದ ಮೇಲೆ ಅವನಿಗೆ ಯಾರೂ ಆ ಮಾತು ಹೇಳಿಲ್ಲವಂತೆ. ನನಗೆ ಬಾಯಿ ತೆರೆಯಲು ಹೆದರಿಕೆ. ಜೇಬಿನಲ್ಲಿ ಫೋನಿದೆ, ಗೋಡೆಗೆ ಕಿವಿಯಿದೆ, ಈಗ ತಾನೇ ಉಳಿದಿದ್ದೇನೆ. "ಬೇಡ ಪ್ರಣವ, ಎಲ್ಲ ಚೆನ್ನಾಗಿರಲಿ, ಶುಭವಾಗಲಿ ನಿನಗೆ" ಎಂದುಬಿಟ್ಟೆ. ನೀನು ನನಗೆ ಹೇಳಿದ ಹಾಗೆಯೇ.

ಗುರುವಾರ ಪಂಕ್ತಿಯಿಂದ ಏಳಬೇಕಾದವರ ಪಟ್ಟಿ ಬಂತು. ಅದರಲ್ಲಿ ಪ್ರಣವನ ಹೆಸರಿತ್ತು.

ವಿಚಾರಣೆಗೂ ಇದಕ್ಕೂ ಸಂಬಂಧವಿಲ್ಲ, ಪಟ್ಟಿ ಒಂದು ತಿಂಗಳ ಹಿಂದೆಯೇ ಆಗಿತ್ತು ಎಂದು ಎಲ್ಲರೂ ಹೇಳಿದರು. ನಾನು ಇಂಜಿನಿಯರಿಂಗ್ ಓದಿದವಳು, ನನಗೂ ಅದು ಗೊತ್ತು. ಅವನು ಪೆಟ್ಟಿಗೆಯಲ್ಲಿ ತನ್ನ ಲೋಟ, ಮಗಳ ಫೋಟೋ ಹಾಕಿಕೊಂಡು ಪಾರ್ಕಿಂಗಿಗೆ ಹೋಗುವಾಗ ಮಾಂತು ಹಿಂದಿನಿಂದ ಹೆಲ್ಮೆಟ್ ಹಿಡಿದುಕೊಂಡು ನಡೆದ. ಮೆಕ್ಕೆತೆನೆಯ ಮಾತು ಇಬ್ಬರ ಬಾಯಿಂದಲೂ ಬರಲಿಲ್ಲ. ನಾನು ಮೇಲಿನ ಕಿಟಕಿಯಿಂದ ನೋಡುತ್ತ ನಿಂತೆ. ಅವನು ಒಂದೇ ಒಂದು ಮಾತು ಕೇಳಿದ್ದ, ನಾನು ಹೇಳಲಿಲ್ಲ. ಬಂಗಾರ ಮುತ್ತು ಎಂದು ಹಾರೈಸಿ ಕಳಿಸಿದೆ, ಓಣಿಯಲ್ಲಿ ತಿರುಗುವುದು ಅವನ ಬಾಗಿಲಲ್ಲಿ ಹಣಿಕಿ ಹಾಕಿತು. ಇದನ್ನು ಯಾರ ಮುಂದೆ ಹೇಳಿದರೂ ನಗುತ್ತಾರೆ. ನಿನ್ನ ಮುಂದೆ ಹೇಳಬಹುದು.

ಮುಂದಿನ ತಿಂಗಳು ಇನ್ನೊಂದು ಪಟ್ಟಿ ಇದೆಯಂತೆ. ಅಳಿಯ ಅದನ್ನೂ ತಾನೇ ತಯಾರು ಮಾಡುತ್ತದೆ ಎನ್ನುತ್ತಾರೆ, ಖರೆಯೋ ಸುಳ್ಳೋ. ಕಟ್ಟಿಯಲ್ಲಿ ಈಗಲೂ ಬರೀ ಹೂವಿನ ಚಿತ್ರಗಳು. ಮನೆಯಲ್ಲಿ ನಿನ್ನ ಮಂಚ ಖಾಲಿ. ಅಪ್ಪ ಅವ್ವ ನನ್ನ ಹತ್ತಿರ ಮೆತ್ತಗೆ ಮೆತ್ತಗೆ ಮಾತಾಡುತ್ತಾರೆ. ನೀನು ಹೋದಾಗಿನಿಂದ ನನ್ನನ್ನು ಒಬ್ಬರೂ ಬೈದಿಲ್ಲ ಆಯಿ. ಮೈಮೇಲೆ ಬಟ್ಟೆಯಿಲ್ಲದೆ ಹೊರಗೆ ನಿಂತ ಹಾಗೆ ಅನ್ನಿಸುತ್ತದೆ. ನಿನ್ನ ಬಾಯಿಂದ ನನ್ನ ನೌಕರಿಗೆ ಕುತ್ತು ಬಂದಿತು ಎಂದುಕೊಂಡಿದ್ದೀಯಲ್ಲ, ನನ್ನನ್ನು ಉಳಿಸಿದ್ದು ಆ ಬಾಯಿಯೇ. ನಿನ್ನ ಮಾತು ಪ್ರಣವನ ಸತ್ತ ಆಜಿಯನ್ನು ಆ ಕೋಣೆಯ ಒಳಗೆ ಕರೆದುಕೊಂಡು ಬಂತು. ಅದನ್ನು ನೀನು ಈಗ ಬಿಡಬೇಡ.

ಮಾಮಾ ಬರುವ ರವಿವಾರ ಕರೆದುಕೊಂಡು ಬರುತ್ತಾನೆ, ನಾನು ಆಗಲೇ ಅವನಿಗೆ ಹೇಳಿದ್ದೇನೆ. ಬಾಗಿಲಲ್ಲಿ ನಾನೇ ನಿಂತಿರುತ್ತೇನೆ. ಒಳಗೆ ಬಂದ ಮೇಲೆ ಬೇಡ, ಹೊಸ್ತಿಲ ಹೊರಗೆ ನಿಂತು, ಓಣಿಗೆಲ್ಲ ಕೇಳುವ ಹಾಗೆ, ಮೊದಲಿನ ದನಿಯಲ್ಲೇ ಬೈ. ನನ್ನದಾದ ಮೇಲೆ ಮಾಂತುವಿನ ಹೆಸರು ಹಿಡಿದು ಒಮ್ಮೆ, ಪ್ರಜ್ವಲನ ಹೆಸರು ಹಿಡಿದು ಒಮ್ಮೆ, ಅವನ ತಾಯಿಗೆ ನಾನು ಆಮೇಲೆ ಸಮಾಧಾನ ಹೇಳುತ್ತೇನೆ. ಪ್ರಣವನಿಗೂ ಹೊಸ ಕೆಲಸ ಸಿಗುವ ತನಕ ದಿನಾ ಒಂದು ಇರಲಿ.

ಹಿರಿಯರಿಗೆ ಆ ಮಾತು ತಿರುಗಿ ಹೇಳುವಂತಿಲ್ಲ, ನೀನೇ ಕಲಿಸಿದ್ದೀ. ಅದಕ್ಕೆ ನಾನು ಬರೀ ಇಷ್ಟು ಬರೆಯುತ್ತೇನೆ: ಅದು ಓಣಿಯಲ್ಲಿ ತಿರುಗುತ್ತ ನಿನ್ನನ್ನು ಕರೆದಾಗ ನಿನಗೂ ಕಿವಿ ಕೇಳದಿರಲಿ, ಅದಕ್ಕೂ ನಿನ್ನ ಮನೆ ಕಾಣದಿರಲಿ.

ಬೈಸಿಕೊಳ್ಳಲು ಕಾದಿರುವ,
ನಿನ್ನ ಒಣಗಿದ ಕಟಗಿ
ತ್ರಿವೇಣಿ